ಜೈಲು ಗೇಟಿನ ಪ್ರಿಂಟರ್

"ಅಳಿಸೇ! ಇಲ್ಲಾಂದ್ರೆ ತಲೆ ಹಾರಿಸ್ತೀನಿ!"

ಕುತ್ತಿಗೆಗೆ ಪಿಸ್ತೂಲಿನ ತಣ್ಣನೆಯ ಬಾಯಿ. ಹಿಡಿದವನು ಔರೆಲಿಯೊ, ಪುಯೆರ್ತೊ ಸಾಲ್ ಬಂದರಿನ ರೌಡಿ. ನಾನು ನೆಲಿದಾ, ಅಲ್ಲಿನ ಕೋರ್ಟಿನ ನೆಟ್‌ವರ್ಕ್ ನೋಡಿಕೊಳ್ಳುವವಳು.

ನನ್ನ ತಮ್ಮ ಎವರಿಸ್ತೊನ ಬಿಡುಗಡೆಯ ಆದೇಶ ಸರ್ವರ್‌ನಿಂದ ಅಳಿಯಬೇಕು. ಔರೆಲಿಯೊಗೆ ಬೇಕಾಗಿದ್ದು ಅಷ್ಟೇ. ಜಡ್ಜ್ ಸಹಿ ಹಾಕಿ ಊರು ಬಿಟ್ಟಾಗಿತ್ತು, ಇನ್ನೊಂದು ಆದೇಶ ಸಿಗುವಂತಿರಲಿಲ್ಲ. ಸಂಜೆ ಜೈಲಿನ ಗೇಟ್ ಮುಚ್ಚುವುದರೊಳಗೆ ತಮ್ಮ ಹೊರಬರದಿದ್ದರೆ ಒಳಗೆ ಇವನ ಕಡೆಯವರ ಚಾಕು ಕಾದಿತ್ತು!

ಗೇಟಿನ ಕಾವಲುಗಾರ, ಮುದುಕ ಸೆಗುಂದೊ, ಫೋನನ್ನು ನಂಬುವವನಲ್ಲ. ತನ್ನ ಮೇಜಿನ ಪ್ರಿಂಟರಿನಿಂದ ಬಂದ ಹಾಳೆಯೇ ಅವನಿಗೆ ದೇವವಾಕ್ಯ.

ಔರೆಲಿಯೊ ನಮ್ಮ ಕೋಣೆಯ ಪ್ರಿಂಟರಿನ ಮುಂದೆ ಕುರ್ಚಿ ಎಳೆದು ಕೂತ. ಪಿಸ್ತೂಲು ನನ್ನ ಕಡೆಗೇ.

"ಇದು ಕಿರ್ ಅಂದ್ರೂ ನೀನು ಸತ್ತೆ!"

"ಆಯ್ತಣ್ಣ..."

ಅಳಿಸಲಿಲ್ಲ. ಆದೇಶವನ್ನು ಗೇಟಿನ ಪ್ರಿಂಟರಿಗೆ ಕಳಿಸಿದೆ.

ಉತ್ತರವಿಲ್ಲ!

ದೇವಮಾತೆಯೇ... ನೆಟ್‌ವರ್ಕ್ ಎಂದರೆ ಮಹಡಿಯ ಮೇಲೆ ಮಹಡಿ ಕಟ್ಟಿದ ಮನೆ. ಮೇಲಿನ ಮಹಡಿಯಲ್ಲಿ ಮಾತು ಹುಟ್ಟುತ್ತದೆ. ಅದರ ಕೆಳಗಿನದು ಮಾತು ತಲುಪಿತೇ ಎಂದು ವಿಚಾರಿಸುತ್ತದೆ. ಇನ್ನೂ ಕೆಳಗಿನದು ವಿಳಾಸ ಹುಡುಕುತ್ತದೆ. ಎಲ್ಲಕ್ಕೂ ಅಡಿಯಲ್ಲಿ ಬರೀ ತಂತಿ. ಅದು ಹೋದರೆ ಮೇಲಿನವರೆಲ್ಲ ಮೂಕರು.

ಮೂಲೆಯತ್ತ ಕಣ್ಣು ಹಾಯಿಸಿದೆ. ತಂತಿಗಳೆಲ್ಲ ಕೂಡುವ ಪೆಟ್ಟಿಗೆಯನ್ನು ಅವನು ಒಳಬರುವಾಗಲೇ ಒದ್ದಿದ್ದ. ಗೇಟಿನ ನೀಲಿ ತಂತಿ ಕಳಚಿ ನೇತಾಡುತ್ತಿತ್ತು.

"ಅಣ್ಣಾ, ಅಳಿಸೋಕಾಗ್ತಿಲ್ಲ. ನೀನು ಒದ್ದು ತಂತಿ ಕಿತ್ತಿದ್ದೀಯ."

"ಎದ್ರೆ ಸುಡ್ತೀನಿ!"

"ನಾನ್ಯಾಕೆ ಏಳಲಿ? ನೀನೇ ಸಿಗಿಸು. ಆ ನೀಲಿದು."

"ನಾಟಕ ಆಡ್ತೀಯೇನೇ?"

"ಹಾಗಾದ್ರೆ ಆದೇಶ ಅಲ್ಲೇ ಇರುತ್ತೆ. ನಿನ್ನಿಷ್ಟ!"

ಬೈಯುತ್ತ ಎದ್ದ. ಬಗ್ಗಿದ. ಟಕ್!

ಹಸಿರು ದೀಪ. ಗೇಟಿನ ವಿಳಾಸ ಓಗೊಟ್ಟಿತು... ಹಾಳೆ ಹೊರಟಿತು... ಪರದೆಯ ಮೇಲೆ 'ಮುದ್ರಣವಾಯಿತು'!

ಆಮೇಲಷ್ಟೇ ಅಳಿಸಿದೆ.

"ನೋಡಣ್ಣ, ಖಾಲಿ."

ಅವನು ಹಲ್ಲು ಕಿರಿದ. ಆದರೆ ಹೋಗಲಿಲ್ಲ. ಗೇಟ್ ಮುಚ್ಚುವವರೆಗೂ ಇಲ್ಲೇ ಕಾಯುತ್ತಾನಂತೆ!

ಜಪಮಾಲೆ ಹಿಡಿದೆ. ಸೆಗುಂದೊ ನಿಂಬೆರಸದ ಮೀನು, ಸೆವಿಚೆ, ತಿನ್ನಲು ಎದ್ದು ಹೋಗಿದ್ದರೆ? ನಿದ್ದೆಗೆ ಜಾರಿದ್ದರೆ?...

ಔರೆಲಿಯೊನ ಫೋನ್ ಬಡಿದುಕೊಂಡಿತು. ಆ ಕಡೆಯ ಕಿರುಚಾಟ ನನಗೂ ಕೇಳಿಸಿತು.

"ಬಾಸ್, ಎವರಿಸ್ತೊ ಹೊರಗ್ಬಂದ! ಟ್ಯಾಕ್ಸಿ ಹತ್ತಿಬಿಟ್ಟ!"

ಔರೆಲಿಯೊ ಪ್ರಿಂಟರಿನ ಕಡೆ ತಿರುಗಿದ.

"ಇದು ಸದ್ದೇ ಮಾಡ್ಲಿಲ್ವಲ್ಲೇ!"

ಇದ್ದ ಗುಂಡನ್ನೆಲ್ಲ ಅದರ ಮೇಲೆಯೇ ಸುರಿದ. ಗುಂಡಿನ ಸದ್ದು ಕೇಳಿ ಕೋರ್ಟಿನ ಪೊಲೀಸರು ಬಾಗಿಲು ಒಡೆದು ನುಗ್ಗಿದಾಗ ಖಾಲಿ ಪಿಸ್ತೂಲು ಹಿಡಿದು ನಿಂತಿದ್ದ.

ಪಾಪ! ಆ ಕೋಣೆಯಲ್ಲಿ ಅವನ ಮಾತು ಕೇಳಿದ್ದು ಆ ಪ್ರಿಂಟರ್ ಒಂದೇ.