ಮೂರನೆಯ ಒಪ್ಪಿಗೆ

ನಾಗವ್ವನನ್ನು ಮಣ್ಣು ಮಾಡಿದ ಮರುದಿನ ಮುಂಜಾನೆ ಅವಳ ಒಪ್ಪಿಗೆಯ ಕಾಗದ ಪರಮೇಶಪ್ಪನವರ ಅಂಗಡಿಯ ಬಾಗಿಲ ಸಂದಿಯಲ್ಲಿ ಸಿಕ್ಕಿತು. ಅದನ್ನು ಯಾರು ತುರುಕಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಕಾಗದದ ಕೆಳಗೆ ಕಪ್ಪಾದ ಒಂದು ಹೆಬ್ಬೆಟ್ಟು ಇತ್ತು.

ಅದು ೧೯೬೨ನೇ ಇಸವಿ. ಹತ್ತಿಮತ್ತೂರಿನಲ್ಲಿ ನಾವೊಂದು ಓದುಮನೆ ನಡೆಸುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆಗೆ ತಾಯಂದಿರೂ ಅವರ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂತು ಅಕ್ಷರ ಕಲಿಯುತ್ತಿದ್ದರು. ಯಾರಿಗೂ ಸಂಬಳವಿಲ್ಲ, ಯಾರಿಂದಲೂ ಫೀ ಇಲ್ಲ. ಊರಿನ ಐದು ಮಂದಿಯ ಮಂಡಳಿ ಅದನ್ನು ನೋಡಿಕೊಳ್ಳುತ್ತಿತ್ತು. ಹತ್ತಿ ವ್ಯಾಪಾರದ ಪರಮೇಶಪ್ಪನವರು ಅಧ್ಯಕ್ಷರು. ಸವಣೂರಿನ ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನರಾಗಿದ್ದು ನಿವೃತ್ತರಾದ ಮಹಾಲಿಂಗಪ್ಪನವರು ಕಾರ್ಯದರ್ಶಿ. ದರ್ಜಿ ಶೇಖಸಾಬ, ಶಾಲಾ ಮಾಸ್ತರನಾದ ನಾನು ಮತ್ತು ನಾಗವ್ವ ಉಳಿದ ಮೂವರು. ನಾಗವ್ವ ಅಲ್ಲಿಯೇ ಬರೆಯಲು ಕಲಿತು, ಅಲ್ಲಿಯದೇ ಮಂಡಳಿಗೆ ಬಂದವಳು.

ಊರಿನಲ್ಲಿ ಎಮ್ಮೆ ಕಳೆದರೂ, ಹೊಲದ ಬದು ಸರಿದರೂ ಜನ ಪೊಲೀಸರಿಗಿಂತ ಮೊದಲು ಮಹಾಲಿಂಗಪ್ಪನವರ ಕಟ್ಟೆಗೆ ಬರುತ್ತಿದ್ದರು. ಅವರು ಹೋದಲ್ಲೆಲ್ಲ ನಾನೂ ಹೋಗುತ್ತಿದ್ದೆ. ಹಾಸ್ಟೆಲಿನ ಲೈಬ್ರರಿಯಲ್ಲಿ ಪತ್ತೇದಾರಿ ಪುಸ್ತಕಗಳನ್ನು ಓದಿದ್ದೆನಾದ್ದರಿಂದ ನನಗೂ ಒಂದಿಷ್ಟು ತಿಳಿಯುತ್ತದೆಂದು ಭಾವಿಸಿದ್ದೆ. ಅದು ಸುಳ್ಳೆಂದು ಈ ಪ್ರಕರಣದಲ್ಲಿ ಗೊತ್ತಾಯಿತು.

ಆ ಮಳೆಗಾಲದಲ್ಲಿ ಓದುಮನೆಯ ಬಾವಿಯ ನೀರು ಕುಡಿದು ಮೂರು ಮಕ್ಕಳಿಗೆ ವಾಂತಿಭೇದಿಯಾಗಿತ್ತು. ಶೇಖಸಾಬನ ಮಗ ಸೇರಿ ಇಬ್ಬರು ಉಳಿದರು. ನಾಗವ್ವನ ಮೊಮ್ಮಗಳು, ಆರು ವರ್ಷದ ಪಾರಿ ಉಳಿಯಲಿಲ್ಲ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುವ ಕೆಲಸವನ್ನು ಮಂಡಳಿ ನನಗೆ ಒಪ್ಪಿಸಿತ್ತು. ನಾನು ಎಂಟು ದಿನ ತಡ ಮಾಡಿದ್ದೆ. ಅದಕ್ಕೆ ಕಾರಣ ಹೇಳುವುದರಲ್ಲಿ ಅರ್ಥವಿಲ್ಲ.

ಓದುಮನೆಯನ್ನೇ ಮುಚ್ಚಬೇಕೆಂದು ಪರಮೇಶಪ್ಪನವರು ಹೇಳಿದರು. ಶೇಖಸಾಬ ಒಪ್ಪಿದ. ಮಹಾಲಿಂಗಪ್ಪನವರೂ ನಾನೂ ಒಪ್ಪಲಿಲ್ಲ. ನಿಯಮದಂತೆ ಮುಚ್ಚಲು ಮೂವರ ಒಪ್ಪಿಗೆ ಬೇಕು. ನಾಗವ್ವನಿಗೆ ಜ್ವರವಿತ್ತು. ಅದಕ್ಕೇ ಶನಿವಾರ ಅವಳ ಮನೆಗೆ ಕಾಗದ ಕಳಿಸಿದೆವು. ಅದರಲ್ಲಿ 'ಒಪ್ಪಿಗೆ ಇದೆ', 'ಒಪ್ಪಿಗೆ ಇಲ್ಲ' ಎಂಬ ಎರಡು ಸಾಲು. ಬೇಡದ್ದನ್ನು ಹೊಡೆದು ಹಾಕಿ ಸಹಿ ಮಾಡಬೇಕು. ಸೋಮವಾರ ನಸುಕಿನಲ್ಲಿ ಅವಳು ತೀರಿಕೊಂಡಳು. ಮಂಗಳವಾರ ಬಂದ ಕಾಗದದಲ್ಲಿ 'ಇಲ್ಲ' ಎಂಬ ಸಾಲನ್ನು ಹೊಡೆದು ಹಾಕಲಾಗಿತ್ತು.

"ಮುಗೀತಲ್ರಿ," ಎಂದರು ಪರಮೇಶಪ್ಪನವರು, ನಾವು ನಾಲ್ವರೂ ಅವರ ಅಂಗಡಿಯಲ್ಲಿ ಸೇರಿದಾಗ. "ಮೂರು ಆದ್ವು. ಶುಕ್ರವಾರ ಕೀಲಿ ಹಾಕೂಣು."

"ನಾಗವ್ವ ಸಹಿ ಮಾಡ್ತಿದ್ಲು," ಎಂದೆ ನಾನು. "ಹೆಬ್ಬೆಟ್ಟು ಯಾಕ ಒತ್ತತಾಳ?"

"ಸಾಯಾಕತ್ತಾಕಿಗೆ ಪೆನ್ನು ಹಿಡಿಯಾಕ ಬರ್ತದೇನೋ ಮಾಸ್ತರ?"

ಮಹಾಲಿಂಗಪ್ಪನವರು ಕಾಗದವನ್ನು ಕೈಗೆ ತೆಗೆದುಕೊಂಡರು. ಭೂತಗನ್ನಡಿಯಿಂದ ಹೆಬ್ಬೆಟ್ಟನ್ನು ನೋಡಿದರು. ಆಮೇಲೆ ಕಾಗದವನ್ನು ತಿರುಗಿಸಿ ಬೆಳಕಿಗೆ ಹಿಡಿದರು. ಗುರುತಿನ ಸುತ್ತ ಕಾಗದ ಎಣ್ಣೆ ಕುಡಿದಂತಾಗಿತ್ತು. ಕಪ್ಪಿನೊಳಗೆ ಬಿಳಿ ಕಣಗಳಿದ್ದವು.

ನಾನು ಕೂಡಲೇ ಶೇಖಸಾಬನ ಕಡೆ ನೋಡಿದೆ. ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ ಅವನ ಬೆರಳಿಗೆ ಯಾವಾಗಲೂ ಮೆತ್ತಿಕೊಂಡಿರುತ್ತಿತ್ತು.

"ಏನ್ ನೋಡ್ತೀರಿ ನನ್ನ ಕೈ?" ಎಂದ ಅವನು. "ಶಾಲ್ಯಾಗ ನೀವೇನ್ ಬೆಲ್ಲದಾಗ ಬರೀತೀರೇನ್ರಿ, ಗುತ್ತೆಪ್ಪ ಮಾಸ್ತರ? ನಿಮ್ಮ ಅಂಗೀ ತೋಳು ನೋಡಿಕೊಳ್ರಿ ಮೊದಲ."

ನನ್ನ ತೋಳೂ ಬೆಳ್ಳಗಿತ್ತು. ತೋಳು ಕೊಡವಿಕೊಂಡೆ.

ಮಹಾಲಿಂಗಪ್ಪನವರು ಓದುಮನೆಯ ಹಳೆಯ ಹಾಜರಿ ಪುಸ್ತಕ ತೆಗೆಸಿದರು. ನಾಗವ್ವ ಸಹಿ ಕಲಿಯುವ ಮೊದಲಿನ ಹಾಳೆಗಳಲ್ಲಿ ಅವಳ ಎಡಗೈ ಹೆಬ್ಬೆಟ್ಟುಗಳಿದ್ದವು. ಎಲ್ಲವೂ ನಮ್ಮ ಪ್ಯಾಡಿನ ನೇರಳೆ ಶಾಯಿಯವು. ಪ್ರತಿಯೊಂದರ ನಡುವೆ ಓರೆಯಾದ ಬಿಳಿ ಗೆರೆ. ಕುಡುಗೋಲು ತಾಗಿದ ಹಳೆಯ ಗಾಯ ಅದು.

ಹೊಸ ಕಾಗದದ ಹೆಬ್ಬೆಟ್ಟಿನಲ್ಲಿ ಆ ಗೆರೆ ಇರಲಿಲ್ಲ.

"ಹಂಗಾರ ಇದು ಆಕಿದಲ್ಲ!" ಎಂದೆ.

"ಅವಸರ ಬ್ಯಾಡ," ಎಂದರು ಅವರು. "ಮಣ್ಣಿಗೆ ಹೋದಾಗ ನೀ ಏನೇನ್ ನೋಡಿದಿ, ಎಲ್ಲಾ ಹೇಳು. ಬಿಡದಂಗ ಹೇಳು."

ನೆನಪಿದ್ದುದನ್ನೆಲ್ಲ ಹೇಳಿದೆ. ಹೆಂಗಸರು ಮೈ ತೊಳೆದು, ವಿಭೂತಿ ಹಚ್ಚಿ, ನಾಗವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಅಯ್ಯನವರು ಇಷ್ಟಲಿಂಗವನ್ನು ಅವಳ ಎಡಗೈಯಲ್ಲಿಟ್ಟು ಬಟ್ಟೆ ಸುತ್ತಿದ್ದರು. ಭಜನೆಯವರು ಎಡಕ್ಕೆ ಕೂತಿದ್ದರು. ಪರಮೇಶಪ್ಪನವರು ಎದುರಿಗೆ ಬಂದು ಕೈಮುಗಿದು ಎರಡು ಮಾತಾಡಿ ಹೋದರು. ಶೇಖಸಾಬ ಹೊಸ್ತಿಲ ಹೊರಗೇ ನಿಂತಿದ್ದ. ಬಲಕ್ಕೆ, ಹೆಣ ವಾಲದಂತೆ ಹಿಡಿದುಕೊಂಡು, ಮಗಳು ಸರೋಜವ್ವ ಕೂತಿದ್ದಳು. ಎತ್ತುವಾಗ ನಾನು ಬಲಗಡೆ ಕೈ ಕೊಟ್ಟಿದ್ದೆ. ನಾಗವ್ವನ ಬಲ ಹೆಬ್ಬೆರಳಿಗೆ ಮಾತ್ರ ವಿಭೂತಿಯನ್ನು ಮೆತ್ತಿದಂತೆ ದಪ್ಪಗೆ ಬಳಿದಿತ್ತು. ಅವಸರದಲ್ಲಿ ಹಚ್ಚಿರಬೇಕೆಂದುಕೊಂಡಿದ್ದೆ.

ಮಹಾಲಿಂಗಪ್ಪನವರು ಕಣ್ಣು ಮುಚ್ಚಿಕೊಂಡು ಕೇಳಿದರು. ಅವರ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. "ನಡಿ, ಸರೋಜವ್ವನ ಮನೀಗೆ ಹೋಗಿ ಬರೂಣು," ಎಂದರು.

ನಾಗವ್ವನ ಮನೆಗೂ ಓದುಮನೆಗೂ ನಡುವೆ ಒಂದೇ ಗೋಡೆ. ಸರೋಜವ್ವನಿಗೆ ಇಪ್ಪತ್ತಾರು ವರ್ಷ. ಗಂಡ ತೀರಿದ ಮೇಲೆ ಮಗಳು ಪಾರಿಯನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಈಗ ಮಗಳೂ ಇಲ್ಲ, ಅವ್ವನೂ ಇಲ್ಲ. ತಂಬಿಗೆಯಲ್ಲಿ ನೀರು ತಂದಿಟ್ಟು ಕಂಬದ ಹಿಂದೆ ನಿಂತಳು.

"ಕಾಗದ ಎಲ್ಲಿತ್ತವ್ವ?"

"ಅವ್ವನ ದಿಂಬಿನ ಬುಡಕ ಇತ್ತರಿ ಕಾಕಾ. ಆಮ್ಯಾಲೆ ಕಾಣಲಿಲ್ಲ."

ನಾನು ಸುತ್ತ ನೋಡಿದೆ. ಓದುಮನೆಯ ಕಡೆಯ ಗೋಡೆಗೆ ಎರಡು ಕೌದಿ ಒಂದರ ಮೇಲೊಂದು ತೂಗುಬಿಟ್ಟಿದ್ದರು. ಮೇಲಿನ ಸಣ್ಣ ಕಿಂಡಿಗೆ ಹಳೆಯ ಅರಿವೆ ತುರುಕಿ ಸಗಣಿ ಮೆತ್ತಿದ್ದರು. ಥಂಡಿಗೆ ಇರಬಹುದು ಅಂದುಕೊಂಡೆ. ಮಹಾಲಿಂಗಪ್ಪನವರು ಗೂಡಿನಲ್ಲಿದ್ದ ಒಂದು ಪುಟ್ಟ ಹಿತ್ತಾಳೆಯ ಕಾಡಿಗೆ ಡಬ್ಬಿಯನ್ನು ನೋಡಿದರು. ಮುಟ್ಟಲಿಲ್ಲ. ನೀರು ಕುಡಿದು, "ಶುಕ್ರವಾರ ಓದುಮನೀಗೆ ಬಾ ಯವ್ವಾ," ಎಂದು ಎದ್ದರು.

ಶುಕ್ರವಾರ ಬೆಳಿಗ್ಗೆ ನಾವು ನಾಲ್ವರೂ ಓದುಮನೆಯ ಚಾಪೆಯ ಮೇಲೆ ಕೂತಿದ್ದೆವು. ಸರೋಜವ್ವ ಬಾಗಿಲ ಬಳಿ ಕೂತಳು. ನಾನು ತಡೆಯಲಾರದೆ ಶುರು ಮಾಡಿಬಿಟ್ಟೆ. "ಪರಮೇಶಪ್ಪನವರ, ಕಾಗದ ನಿಮ್ಮ ಅಂಗಡ್ಯಾಗ ಸಿಕ್ಕೈತಿ. ಮುಚ್ಚಬೇಕನ್ನಾವರೂ ನೀವ. ಇದನ್ನ ಯಾರು ಮಾಡ್ಯಾರಂತ ಊರಿಗೆಲ್ಲಾ ತಿಳಿಯೂದಿಲ್ಲೇನ್ರಿ?"

ಪರಮೇಶಪ್ಪನವರು ನನ್ನ ಕಡೆ ತಿರುಗಿದರು. "ನನ್ನ ಮಂಡಳ್ಯಾಗ ಒಂದು ಕೂಸು ಸತ್ತೈತಿ ಅಂತ ಮುಚ್ಚಾಕ ಹೊಂಟೇನೋ. ಸತ್ತಾಕಿ ಕೈ ಹಿಡಿದು ಒತ್ತಸಾಕಲ್ಲ."

"ಬಾಯಿ ಮುಚ್ಚು, ಗುತ್ತೆಪ್ಪ," ಎಂದರು ಮಹಾಲಿಂಗಪ್ಪನವರು. ಕಾಗದವನ್ನು ನಡುವೆ ಇಟ್ಟರು. "ಪರಮೇಶಪ್ಪನ ಅಂಗಡ್ಯಾಗ ಪ್ಯಾಡ್ ಐತಿ. ಇಲ್ಲೂ ಐತಿ. ಎರಡರದೂ ಶಾಯಿ ನೇರಳೆ. ಇದು ಕರೇದು, ಸುತ್ತ ಜಿಡ್ಡು ಹರಡೈತಿ. ದೀಪದ ಮಸಿಗೆ ಎಣ್ಣಿ ಕಲಸಿದ್ದು. ಕಾಡಿಗಿ. ಗಂಡಸರು ಇದನ್ನ ಮಾಡಿದ್ರ ಪ್ಯಾಡ್ ಹುಡುಕ್ತಿದ್ರು.

"ಇನ್ನ, ಬಿಳೀ ಕಣ. ಸೀಮೆಸುಣ್ಣ ಆಗಿದ್ರ ಒಂದ ಬಣ್ಣ ಇರ್ತಿತ್ತು. ಇದರಾಗ ಸುಟ್ಟ ಬೂದಿಯ ಚೂರು ಅದಾವ. ವಿಭೂತಿ. ಅಂದಮ್ಯಾಲೆ ಇದನ್ನ ಒತ್ತಿದ್ದು ಜ್ವರ ಇದ್ದಾಗಲ್ಲ. ಜೀವ ಹೋಗಿ, ವಿಭೂತಿ ಹಚ್ಚಿದ ಮ್ಯಾಲೆ. ಜೀವ ಇರೋ ಬೆರಳು ಒಂದೀಟಾದರೂ ಜಾರ್ತದ. ಇದು ಜಾರಿಲ್ಲ."

ಶೇಖಸಾಬ, "ಯಾ ಅಲ್ಲಾ," ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ.

"ಎಡ ಹೆಬ್ಬೆಟ್ಟಿನ ಗಾಯ ಇದರಾಗ ಇಲ್ಲ. ಅಂದ್ರ ಇದು ಬಲಗೈದು. ಮೂವತ್ತು ವರ್ಷ ನಾ ಸಾವಿರಾರು ಮಂದಿ ಹೆಬ್ಬೆಟ್ಟು ಹಿಡಿದು ಒತ್ತಿಸೇನಿ. ನಮ್ಮ ಕಡೆ ಕಾಗದಕ್ಕ ಬಲಗೈ ಚಾಚಿದಾವನ್ನ ಒಬ್ಬನ್ನೂ ನೋಡಿಲ್ಲ. ಇದನ್ನ ಮಾಡಿದಾವರಿಗೂ ಅದು ಗೊತ್ತು. ಆದ್ರೂ ಎಡಗೈ ಮುಟ್ಟಲಿಲ್ಲ. ಯಾಕ? ಎಡಗೈಯಾಗ ಲಿಂಗ ಇತ್ತು. ಸುಳ್ಳು ಕಾಗದ ಮಾಡಾಕ ಮನಸು ಬಂತು, ಲಿಂಗ ಸರಸಾಕ ಬರಲಿಲ್ಲ."

ಯಾರೂ ಬಾಗಿಲ ಕಡೆ ನೋಡಲಿಲ್ಲ.

"ಅಯ್ಯನವರು ಲಿಂಗ ಇಟ್ಟಮ್ಯಾಲೆ ಎತ್ತೂತನಕ ಬಲಗಡೆ ಕುಂತಾಕಿ ಒಬ್ಬಾಕಿ. ಸೆರಗಿನ ಮರೀಗೆ ಒತ್ತಿ, ಬೆರಳಿನ ಕಪ್ಪು ಕಾಣಬಾರದಂತ ಮ್ಯಾಲೆ ವಿಭೂತಿ ಮೆತ್ಯಾಳ. ಅದನ್ನ ಗುತ್ತೆಪ್ಪ ನೋಡ್ಯಾನ. ತಪ್ಪಿದ್ರ ಹೇಳು, ಸರೋಜವ್ವ."

"ತಪ್ಪಿಲ್ರಿ," ಎಂದಳು ಅವಳು. ಅಳಲಿಲ್ಲ. "ಪರಮೇಶಪ್ಪ ಕಾಕಾ ಬಂದು, 'ನಿಮ್ಮವ್ವನ ಕಾಗದ ಒಂದ ಉಳೀತು' ಅಂದ್ರು. ಆಗ ಹೊಳೀತು. ಕಾಗದ ನನ್ನ ಉಡ್ಯಾಗ ಇತ್ತು. ಅವ್ವ ರವಿವಾರ, 'ಮುಚ್ಚಬ್ಯಾಡಂತ ಹೇಳು, ಪೆನ್ನು ಕೊಡು' ಅಂದಿದ್ಲು. ನಾ ಕೊಡಲಿಲ್ಲ. ಮಣ್ಣಾದ ರಾತ್ರಿ ನಾನ ಹೋಗಿ ಅಂಗಡಿ ಬಾಗಲ ಸಂದ್ಯಾಗ ತುರುಕಿ ಬಂದೆ. ಬೆನ್ನ ಹಿಂದಿನ ಗೂಡಿನ್ಯಾಗಿನ ಕಾಡಿಗಿ ಪಾರಿದು."

"ಯಾಕವ್ವ?" ಎಂದರು ಪರಮೇಶಪ್ಪನವರು.

"ಮೂರು ಗಂಟೆಕ್ಕ ಶುರು ಆಕ್ಕಾವರಿ, ಕಾಕಾ. ಎಲ್ಲಾ ಕೂಸುಗಳೂ ಕೂಡಿ ಅ ಆ ಇ ಈ ಅಂತ ಒದರ್ತಾವ. ಅದರಾಗ ನಮ್ಮ ಪಾರಿ ದನಿ ಹುಡುಕತೇನಿ. ಇಲ್ಲಂತ ಗೊತ್ತೈತಿ, ಆದ್ರೂ ಹುಡುಕತೇನಿ. ಕೌದಿ ಹಾಕಿದೆ. ಕಿಂಡಿ ಮುಚ್ಚಿದೆ. ಕೇಳಸೂದು ನಿಲ್ಲಲಿಲ್ಲ. ಅವ್ವ ಮಾತ್ರ ಪಾಟಿ ಹಿಡಕೊಂಡು ದಿನಾ ಇಲ್ಲೇ ಬಂದು ಕುಂಡ್ರತಿದ್ಲು. ಹೆಂಗ ಕುಂಡ್ರತಿದ್ಲೋ."

ಆಮೇಲೆ ನನ್ನ ಕಡೆ ತಿರುಗಿದಳು. ಬಯ್ಯುತ್ತಾಳೆಂದು ಕಾದೆ. "ಮಾಸ್ತರ, ಪರಮೇಶಪ್ಪ ಕಾಕಾನ ಹೆಸರು ತಗೀಬಾರದಿತ್ತರಿ ನೀವು," ಎಂದಳು ಅಷ್ಟೇ.

ನಾನು ಮಂಡಳಿ ಬಿಡುತ್ತೇನೆ ಎಂದೆ. ಮಹಾಲಿಂಗಪ್ಪನವರಿಗೆ ಸಿಟ್ಟು ಬಂತು. "ಬಿಟ್ಟು ಹೋಗೂದು ಹಗೂರ ಐತಿ. ನಾಳೆ ಬಾವಿಗೆ ಪುಡಿ ಯಾರು ಹಾಕಾವರು? ಕುಂಡ್ರು."

ಕಾಗದವನ್ನು ರದ್ದು ಮಾಡಿದೆವು. ಒಪ್ಪಿಗೆ ಎರಡಕ್ಕಿಳಿಯಿತು, ಓದುಮನೆ ಉಳಿಯಿತು. ನಡಾವಳಿ ಪುಸ್ತಕದಲ್ಲಿ 'ನಾಗವ್ವನವರ ಮತ ಬರಲಿಲ್ಲ' ಎಂದಷ್ಟೇ ಬರೆಯಬೇಕೆಂದು ಪರಮೇಶಪ್ಪನವರೇ ಹೇಳಿದರು. ನಾಲ್ವರೂ ಸಹಿ ಮಾಡಿದೆವು. ಊರಿಗೆ ಇದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಓದುಮನೆಯನ್ನು ಬೇರೆ ಕಡೆ ಒಯ್ಯಲು ಜಾಗ ಹುಡುಕಿದೆವು. ಸಿಗಲಿಲ್ಲ.

ಹನ್ನೆರಡು ದಿನ ಕಳೆದ ಮೇಲೆ ಸರೋಜವ್ವ ಹಿರೇಬೆಂಡಿಗೇರಿಯ ಚಿಗವ್ವನ ಮನೆಗೆ ಹೊರಟಳು. ಬೆಳಿಗ್ಗೆಯೇ ಬರಬೇಕಿದ್ದ ಚಕ್ಕಡಿ ಬಂದಾಗ ಮೂರು ಗಂಟೆ ಹತ್ತಿರವಾಗಿತ್ತು. ಓದುಮನೆಯಲ್ಲಿ ಹೆಂಗಸರೂ ಮಕ್ಕಳೂ ಆಗಲೇ ಬಂದು ಕೂತಿದ್ದರು. ಆ ದಿನ ನನ್ನ ಪಾಳಿ.

"ಇವತ್ತು ಯಾರೂ ಬಾಯಿ ಬಿಡಬಾರದು," ಎಂದೆ. "ಬರೀ ಬರಿಯೂದು."

"ಎಷ್ಟೊತ್ತನಕರಿ?" ಎಂದು ಒಂದು ಹುಡುಗಿ ಪಿಸುಮಾತಿನಲ್ಲಿ ಕೇಳಿತು. ತಾಯಿ ಅದರ ತೊಡೆ ಚಿವುಟಿದಳು. ಹೆಂಗಸರಿಗೆ ನಾನು ಕಾರಣ ಹೇಳಿರಲಿಲ್ಲ. ಆದರೂ ಒಬ್ಬಳೂ ಮಾತಾಡಲಿಲ್ಲ.

ಹೊರಗೆ ಮಹಾಲಿಂಗಪ್ಪನವರೂ ಶೇಖಸಾಬನೂ ಹಾಸಿಗೆ, ಕೊಡ, ಒಂದು ಟ್ರಂಕು ಏರಿಸಿದರು. ಎತ್ತಿನ ಕೊರಳ ಗಂಟೆಯನ್ನು ಪರಮೇಶಪ್ಪನವರು ಬಿಚ್ಚಿಸಿದ್ದರೆಂದು ಆಮೇಲೆ ಗೊತ್ತಾಯಿತು. ಗಾಲಿ ಉರುಳಿದ್ದು ಕೇಳಿಸಿತು. ಅದು ಗೋಡೆ ದಾಟಿತು, ಬಾಗಿಲು ದಾಟಿತು. ಚಕ್ಕಡಿ ಕೆರೆಯ ಏರಿ ಹತ್ತಿ ಇಳಿಯುವವರೆಗೂ ಆ ಕೋಣೆಯಲ್ಲಿ ಪಾಟಿಯ ಮೇಲೆ ಬಳಪ ಎಳೆಯುವ ಸಪ್ಪಳ ಬಿಟ್ಟರೆ ಬೇರೇನೂ ಇರಲಿಲ್ಲ.