ಶುಕ್ರವಾರಗಳು ಖಾಲಿಯಿದ್ದ ದಿನಚರಿ

2005ರ ಮಾರ್ಚ್ 14, ಸೋಮವಾರ ಬೆಳಿಗ್ಗೆ 10.20ಕ್ಕೆ ರುಕಿಯಾ ಎಂಬವರು ಮೂಡುಬಿದಿರೆ ಠಾಣೆಗೆ ಬಂದು ದೂರು ಕೊಟ್ಟರು. ಕಳುವಾದದ್ದು ಒಂದು ನೋಟುಪುಸ್ತಕ.

ಗಲ್ಫಿನಲ್ಲಿ ವಿಮಾನ ಮೆಕ್ಯಾನಿಕ್ ಆಗಿದ್ದ ಅವರ ಗಂಡ ಅಬ್ದುಲ್ ನಾಸಿರ್, ಊರಿಗೆ ಮರಳಿದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಕೂರುವ ಪುಟ್ಟ ವಿಮಾನ ಕಟ್ಟತೊಡಗಿದ್ದರು. ದಿನದ ಕೆಲಸವನ್ನು ಆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅರ್ಧ ಮುಗಿಸಿ 1999ರಲ್ಲಿ ತೀರಿಕೊಂಡರು. ಉಳಿದರ್ಧವನ್ನು ಬೆಳ್ತಂಗಡಿ ಕಡೆಯ ನೆರಿಯ ಊರಿನ ಬಡಗಿ ನೋಣಯ್ಯ ಐದು ವರ್ಷ ದುಡಿದು ಪೂರೈಸಿದ್ದ. ಆ ವಿಮಾನವನ್ನು ವರ್ಷವರ್ಷ ಪರೀಕ್ಷಿಸಿ, ದುರಸ್ತಿ ಮಾಡಿ ಸಹಿ ಹಾಕಲು, ಕಟ್ಟಿದವರಿಗೆ ಕೊಡುವ ಪ್ರಮಾಣಪತ್ರಕ್ಕೆ ಈಗ ಅರ್ಜಿ ಹಾಕಿದ್ದ.

"ಮನೆಗೆ ಯಾರು ಬಂದಿದ್ದರು?" ಎಸ್.ಐ. ರಮಾನಾಥ ಕೇಳಿದರು.

"ನೋಣಯ್ಯಣ್ಣ ಮಾತ್ರ ಸರ್, ನಕ್ಷೆ ಬೇಕೂಂತ. ಅವರ ಹೆಸರು ಬರೆಯಬೇಡಿ. ನಮ್ಮ ಮನೆಯವರ ಹಾಗೆ ಅವರು."

ಎಫ್‌ಐಆರ್‌ನಲ್ಲಿ ಆರೋಪಿ 'ಅಪರಿಚಿತ' ಎಂದಾಯಿತು.

ಮರುದಿನ ರಮಾನಾಥ ವಿಮಾನಯಾನ ಇಲಾಖೆಯಿಂದ ಅರ್ಜಿಯ ಪ್ರತಿ ತರಿಸಿದರು. ಅದರ ಜೊತೆ ನೋಣಯ್ಯನ ಕೈಬರಹದ ದಿನಚರಿಯಿತ್ತು. ವಿಮಾನವನ್ನು ಮೊದಲಿಂದ ಕಡೆಯವರೆಗೂ ತಾನೇ ಕಟ್ಟಿದೆನೆಂದು ಬರೆದಿತ್ತು. ಮಹಿಳಾ ಪೇದೆ ಜಲಜಾಕ್ಷಿ ಪುಟ ತಿರುವುತ್ತ ಹೋದವರು ನಿಂತರು.

"ಸರ್, ಈ ನೋಣಯ್ಯಣ್ಣ ಜುಮ್ಮಾ ನಮಾಜಿಗೆ ಹೋಗುವುದುಂಟಾ?"

"ಯಾಕೆ?"

"ಮೊದಲ ಎರಡು ವರ್ಷ ಒಂದು ಶುಕ್ರವಾರವೂ ಕೆಲಸ ಇಲ್ಲ. ಆಮೇಲೆ ಎಲ್ಲ ಶುಕ್ರವಾರವೂ ಉಂಟು."

ರಮಾನಾಥ ಆ ದಿನಚರಿಯನ್ನು ತಮ್ಮತ್ತ ಎಳೆದುಕೊಂಡರು. 1998ರ ಫೆಬ್ರವರಿ 11, ಬುಧವಾರ: ರೆಕ್ಕೆಯ ಮರ ಕೊರೆದದ್ದು. ಅದು ಕೆಡ್ಡಸದ ನಡುದಿನ. ಭೂಮಿತಾಯಿ ಮುಟ್ಟಾಗಿದ್ದಾಳೆಂದು ಆ ಮೂರು ದಿನ ತುಳುನಾಡಿನಲ್ಲಿ ನೆಲ ಅಗೆಯುವುದಿಲ್ಲ, ಮರ ಕಡಿಯುವುದಿಲ್ಲ. ನೋಣಯ್ಯನಂಥವರು ಉಳಿಯನ್ನೂ ಮುಟ್ಟುವುದಿಲ್ಲ. 2000ದಿಂದಾಚೆ ಪ್ರತಿ ಕೆಡ್ಡಸವೂ ಖಾಲಿಯಿತ್ತು. ಮೊದಲ ಎರಡು ವರ್ಷದ್ದು ನಾಸಿರರ ಪುಸ್ತಕದಿಂದ ಇಳಿಸಿದ್ದು.

16ರಂದು ಬೆಳಿಗ್ಗೆ 9.40ಕ್ಕೆ, ಬೆಳ್ತಂಗಡಿ ಠಾಣೆಯವರನ್ನು ಕರೆದುಕೊಂಡು ನೆರಿಯಕ್ಕೆ ಹೋದರು. ನೋಣಯ್ಯ ಅಂಗಳದಲ್ಲಿ ಬಾಗಿಲೊಂದಕ್ಕೆ ಹತ್ತರಿ ಹಾಕಿ ನುಣುಪು ಮಾಡುತ್ತಿದ್ದ.

"ಕೆಡ್ಡಸದ ದಿನ ಮರ ಕೊರೆದಿರಾ?"

ಹತ್ತರಿ ನಿಂತಿತು. ಅವನು ಏನನ್ನೂ ಅಲ್ಲಗಳೆಯಲಿಲ್ಲ. ಒಳಗೆ ಹೋಗಿ ದೇವರ ಕೋಣೆಯನ್ನು ತೋರಿಸಿದ. ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ದೀಪದ ಪಕ್ಕದಲ್ಲಿತ್ತು. ಪಂಚರ ಮುಂದೆ ಪಂಚನಾಮೆ ಬರೆದದ್ದಾಯಿತು.

"ಸುಟ್ಟಿದ್ದರೆ ಸಿಗುತ್ತಿರಲಿಲ್ಲ," ಎಂದರು ರಮಾನಾಥ.

"ಒಲೆಯ ಹತ್ತಿರ ತಗೊಂಡು ಹೋಗಿದ್ದೆ. ಮೊದಲ ಪುಟದಲ್ಲಿ ಅವರು ದೇವರ ಹೆಸರು ಬರೆದಿದ್ದಾರೆ ಸರ್. ಸುಡುವುದು ಹೇಗೆ?"

ಕದ್ದದ್ದು ಯಾಕೆಂದು ಕೇಳಿದಾಗ ಹೇಳಿದ: "ನಲವತ್ತು ವರ್ಷದಿಂದ ಬಾಗಿಲು ಮಾಡ್ತೇನೆ. ಯಾವ ಬಾಗಿಲಲ್ಲೂ ನನ್ನ ಹೆಸರಿಲ್ಲ. ಇದಕ್ಕಾದರೂ ನನ್ನ ಸಹಿ ಬೀಳಲಿ ಅಂತ. ಅರ್ಧ ಕಟ್ಟಿದವನಿಗೆ ಯಾರು ಕೊಡ್ತಾರೆ?"

ರಮಾನಾಥ ಹಿಂದಿನ ಸಂಜೆಯೇ ಇಲಾಖೆಗೆ ಫೋನ್ ಮಾಡಿ ವಿಚಾರಿಸಿದ್ದರು. ಒಬ್ಬರು ಶುರುಮಾಡಿದ್ದನ್ನು ಇನ್ನೊಬ್ಬರು ಮುಗಿಸಿದರೂ ಪ್ರಮಾಣಪತ್ರ ಸಿಗುತ್ತದೆ. ಮೊದಲಿನವರ ದಿನಚರಿಯನ್ನು ಜೊತೆಗಿಡಬೇಕು, ಅಷ್ಟೇ. ಅದನ್ನು ಈಗ ನಿಧಾನವಾಗಿ ಹೇಳಿದರು.

ನೋಣಯ್ಯ ಜಲಜಾಕ್ಷಿಯ ಕೈಯಲ್ಲಿದ್ದ ಕೆಂಪು ಬಟ್ಟೆಯ ಗಂಟನ್ನು ನೋಡಿದ. ಅಂಗಿ ಹಾಕಿಕೊಂಡು ಬಂದು ಜೀಪು ಹತ್ತಿದ. ಜೀಪು ಕಕ್ಕಿಂಜೆ ದಾಟಿತು.

"ಮಳೆಗಾಲದ ಮೊದಲು ರೆಕ್ಕೆಯ ಬಟ್ಟೆ ಒಮ್ಮೆ ನೋಡಬೇಕು ಸರ್," ಎಂದ ಆಮೇಲೆ. "ರುಕಿಯಕ್ಕನಿಗೆ ಹೇಳಿಬಿಡಿ. ಎಡಗಡೆಯದ್ದು."

ಬಂಧನದ ವೇಳೆ 11.15 ಎಂದು ದಾಖಲಾಯಿತು.