ಎಡಗೈ ಸುತ್ತು

“ನಿಮ್ಮಣ್ಣನಿಗೆ ಹೇಳಿ, ಅವರು ಸುತ್ತೋದೆಲ್ಲ ಉಲ್ಟಾ,” ಎಂದ ಬಾಸಿಮ್.

ರದ್ವಾ ತಂದಿಟ್ಟ ಪುಟ್ಟ ಡಬ್ಬಿಯನ್ನು ಅವನು ದೀಪಕ್ಕೆ ಹಿಡಿದು ನೋಡುತ್ತಿದ್ದ. ಒಳಗೆ ಹತ್ತಿಯ ಹಾಸಿಗೆಯ ಮೇಲೆ ಜೋಡಿ ಜೋಡಿಯಾಗಿ ಮಲಗಿದ, ಇ-ಸಿಗರೇಟಿನ ರಸ ಕಾಯಿಸಿ ಹಬೆ ಎಬ್ಬಿಸುವ ವೇಪ್ ಕಾಯಿಲ್‌ಗಳು. ಜೋಳದ ಕಾಳಿನಷ್ಟು ಗಾತ್ರ. ಮೂರೆಳೆ ತಂತಿಯ ಮೇಲೆ ಕೂದಲಿನಂಥ ಇನ್ನೊಂದು ತಂತಿಯ ಹೊದಿಕೆ.

“ಉಲ್ಟಾ ಅಂದ್ರೆ?”

“ಎಲ್ಲರೂ ಸುತ್ತೋ ದಿಕ್ಕಿಗೆ ಸುತ್ತಲ್ಲ. ತಂತಿಯ ಕಾಲು ಸ್ಕ್ರೂ ಇಲ್ಲದ ಕಡೆ ಬಂದು ನಿಲ್ಲುತ್ತೆ. ಗಿರಾಕಿಗಳು ನನ್ನ ಬೈತಾರೆ.” ಕತ್ತೆತ್ತಿ ನಕ್ಕ. “ಆಮೇಲೆ ಒಂದು ದಮ್ ಎಳೆದು ಸುಮ್ಮನಾಗ್ತಾರೆ. ಈ ರುಚಿ ಬೇರೆ ಯಾರ ಕಾಯಿಲಲ್ಲೂ ಬರಲ್ಲ ರೀ. ನಿಮ್ಮಣ್ಣನ ಕೈಗೆ ಮುತ್ತಿಡಬೇಕು.”

ರದ್ವಾ ಎಡಗೈಯನ್ನು ಮೆಲ್ಲನೆ ಕೋಟಿನ ಜೇಬಿಗೆ ಇಳಿಸಿದಳು. ಕಿವಿ ಕೆಂಪಾಗಿದ್ದು ತಲೆವಸ್ತ್ರದೊಳಗೆ ಯಾರಿಗೂ ಕಾಣಲಿಲ್ಲ, ಪುಣ್ಯ.

ಅವಳಿಗೆ ಅಣ್ಣನೇ ಇರಲಿಲ್ಲ.

ಲೋಹಕಲೆಯಲ್ಲಿ ಪದವಿ ಮುಗಿಸಿ, ಕೆಲಸ ಸಿಗದೆ ಮನೆಯಲ್ಲಿದ್ದವಳು ಮೊದಲ ಸಲ ಸಮುದ್ರದಂಡೆಯ ಬಡಾವಣೆ ಸೀದಿ ಬಿಶ್ರ್‌ನ ಬಾಸಿಮನ ಈ ಅಂಗಡಿಗೆ ತಾನು ಸುತ್ತಿದ ಕಾಯಿಲ್ ತಂದಾಗ ಒಳಗೆಲ್ಲ ಗಂಡಸರೇ. ಹೊಗೆಯೊಳಗಿಂದ ಬಾಸಿಮ್ “ಯಾರು ಮಾಡಿದ್ದು ಇದು?” ಎಂದು ಕೇಳಿದ್ದ. ಎಲ್ಲರೂ ತಿರುಗಿ ನೋಡಿದರು. ನಾಲಿಗೆ ತಾನಾಗಿಯೇ “ನಮ್ಮಣ್ಣ ಹಾತಿಮ್” ಎಂದುಬಿಟ್ಟಿತು.

ಆಡಿದ ಮಾತು, ಒಡೆದ ಮುತ್ತು. ಬರಬರುತ್ತಾ ಹಾತಿಮನಿಗೆ ಹಡಗುಕಟ್ಟೆಯಲ್ಲಿ ಕೆಲಸ ಸಿಕ್ಕಿತು, ಜನರ ಜೊತೆ ಬೆರೆಯದ ಸ್ವಭಾವ ಬಂತು, ಆಗಾಗ ನೆಗಡಿಯೂ ಆಯಿತು.

ನಿಜದ ಕೆಲಸ ನಡೆಯುತ್ತಿದ್ದುದು ಅವಳ ಮನೆಯ ಬಾಲ್ಕನಿಯಲ್ಲಿ. ಮೂರೆಳೆ ತಂತಿಯ ಒಂದು ತುದಿ ಡ್ರಿಲ್ಲಿಗೆ. ಇನ್ನೊಂದು ತುದಿ, ತೀರಿಹೋದ ಅಪ್ಪನ ಗಾಳದ ಪೆಟ್ಟಿಗೆಯಲ್ಲಿ ಸಿಕ್ಕ ತಿರುಗುಕೊಂಡಿಗೆ. ಮೀನು ಎಷ್ಟೇ ಒದ್ದಾಡಿದರೂ ದಾರ ತಿರುಚಿಕೊಳ್ಳದಿರಲೆಂದು ಬೆಸ್ತರು ಕಟ್ಟುವ ಕೊಂಡಿ ಅದು. ತಂತಿಯೂ ಅದರಿಂದ ತಿರುಚಿಕೊಳ್ಳದೆ ನಿಲ್ಲುತ್ತಿತ್ತು. ಡ್ರಿಲ್ ತಿರುಗಿದಂತೆ ತೆಳುತಂತಿ ಬೆರಳಡಿಯಿಂದ ಹರಿದು ಸುತ್ತಿಕೊಳ್ಳುತ್ತಿತ್ತು. “ಇದೇನು ಮದುವೆ ವಯಸ್ಸಿನ ಹುಡುಗಿ ಇರೋ ಮನೆಯೋ, ಬಾಗಿಲು ಕಿಟಕಿ ಮಾಡೋರ ಅಂಗಡಿಯೋ!” ಎಂದು ಅಮ್ಮ ಒಳಗಿಂದ ಕೂಗುತ್ತಿದ್ದಳು.

ರದ್ವಾ ಹುಟ್ಟಾ ಎಡಚಿ. ಆದರೆ ಎಡಗೈಯಲ್ಲಿ ತುತ್ತೆತ್ತಿದಾಗಲೆಲ್ಲ ಅಜ್ಜಿ ಚಮಚದಿಂದ ಬೆರಳಿಗೆ ತಟ್ಟಿ ತಟ್ಟಿ ಬುದ್ಧಿ ಕಲಿಸಿದ್ದಳು. ಈಗ ತಿನ್ನುವುದು, ಬರೆಯುವುದು, ಕೊಡುವುದು, ಕೊಳ್ಳುವುದು ಎಲ್ಲ ಬಲಗೈಯಲ್ಲೇ. ತಂತಿ ಹಿಡಿದಾಗ ಮಾತ್ರ ಎಡಗೈ ಯಾರ ಅಪ್ಪಣೆಗೂ ಕಾಯದೆ ಮುಂದೆ ಬರುತ್ತಿತ್ತು. ಅಜ್ಜಿ ಕಾಯಿಲ್ ಸುತ್ತುವುದನ್ನೊಂದು ಕಲಿಸಿರಲಿಲ್ಲ.

“ನಿಮ್ಮಣ್ಣನ್ನ ಒಂದ್ಸಲ ಕರ್ಕೊಂಡು ಬನ್ನಿ,” ಎಂದ ಬಾಸಿಮ್, ಡಬ್ಬಿ ಮುಚ್ಚುತ್ತಾ. “ಅವರ ಹತ್ರ ಒಂದು ಮಾತಿದೆ. ಎದುರಾ ಎದುರೇ ಆಡೋ ಮಾತು.”

“ಅವನಿಗೆ ನೆಗಡಿ.”

“ಇನ್ನೂ? ಸಮುದ್ರದ ಮೀನಿಗೂ ಇಷ್ಟು ನೆಗಡಿ ಆಗಲ್ಲ ರೀ. ಹೋಗ್ಲಿ, ಈ ಗುರುವಾರ ನಾನೇ ಮನೆಗೆ ಬರ್ತೀನಿ.”

ಅವನು ಅವಳನ್ನೇ ನೋಡಿದ. ಎಂದಿನಂತೆ ಅವಳು ಕಣ್ಣನ್ನು ಅವನ ಶರ್ಟಿನ ಜೇಬಿಗೆ ಇಳಿಸಿದಳು. ಅಲ್ಲೊಂದು ಪುಟ್ಟ ಸ್ಕ್ರೂಡ್ರೈವರ್ ಸದಾ ಇಣುಕುತ್ತಿರುತ್ತಿತ್ತು. ಅವನ ಮುಖಕ್ಕಿಂತ ಆ ಸ್ಕ್ರೂಡ್ರೈವರ್ ಅವಳಿಗೆ ಹೆಚ್ಚು ಪರಿಚಿತ.

ಟ್ರಾಮಿನಲ್ಲಿ ಮನೆಗೆ ಹೋಗುವಾಗ ಅವಳು ಅದನ್ನೇ ಲೆಕ್ಕ ಹಾಕಿದಳು. ಅಣ್ಣನನ್ನು ಅಂಗಡಿಗೆ ಸೇರಿಸಿಕೊಳ್ಳುವ ಮಾತಿರಬೇಕು. ಬಂದು ನೋಡಿದರೆ ಅಣ್ಣನೂ ಇಲ್ಲ, ಆಟವೂ ಇಲ್ಲ. ಒಮ್ಮೆ ಒಬ್ಬ ಯಾರದೋ ಕಾಯಿಲ್‌ಗಳನ್ನು ತಾನೇ ಮಾಡಿದ್ದೆಂದು ತಂದಾಗ ಬಾಸಿಮ್ ಅವನನ್ನು ಬಾಗಿಲವರೆಗೆ ಬಿಟ್ಟುಬಂದಿದ್ದ. “ಸುಳ್ಳು ಹೇಳೋರ ಹತ್ರ ನಾನು ಒಂದು ಸ್ಕ್ರೂನೂ ತಗೊಳಲ್ಲ,” ಎಂದಿದ್ದ. ಕಾಯಿಲ್ ಕೊಳ್ಳದಿದ್ದರೆ ಹೋಗಲಿ, ಬೇರೆ ಅಂಗಡಿಗಳಿವೆ. ಆದರೆ ಹೀಗೆ ಕತ್ತೆತ್ತಿ ನಗುವವನು ಇನ್ನೆಲ್ಲೂ ಇಲ್ಲ.

ಬುಧವಾರ ಮಧ್ಯಾಹ್ನ ಅವಳು ಹೊಸ ಸುಳ್ಳೊಂದನ್ನು ಬಾಯಿಪಾಠ ಮಾಡಿಕೊಂಡು ಹೊರಟಳು. ಹಾತಿಮನಿಗೆ ಪೋರ್ಟ್ ಸೈದ್‌ಗೆ ವರ್ಗವಾಗಿದೆ, ಇನ್ನು ಕಾಯಿಲ್ ಇಲ್ಲ.

ಅಂಗಡಿಯೊಳಗೆ ಟ್ಯಾಕ್ಸಿಯ ಸಬ್ರಿ ಮಾಮ ಕೂಗಾಡುತ್ತಿದ್ದ. “ಗಂಟಲು ಸುಟ್ಟೋಯ್ತಲ್ಲೋ! ಮಾವಿನಹಣ್ಣಿನ ರುಚಿ ಕೇಳಿದ್ರೆ ಸುಟ್ಟ ಚಾಪೆ ರುಚಿ ಕೊಟ್ಟಿದ್ಯಾ!”

“ಬತ್ತಿ ಬದಲಾಯಿಸ್ತಿದೀನಿ ಮಾಮ, ಉಸಿರು ಬಿಡಿ ಸ್ವಲ್ಪ.” ಬಾಸಿಮನ ಬಲಗೈ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು. ಕಾದ ಕಾಯಿಲನ್ನು ಆರುವ ಮೊದಲೇ ಮುಟ್ಟಿದ್ದನಂತೆ. ಈಗ ಎಡಗೈಯಲ್ಲಿ ತಡಕಾಡುತ್ತಾ ಕಾಯಿಲಿನ ತೂತಿಗೆ ರಸ ಹೀರುವ ಹತ್ತಿಯನ್ನು ದಿಂಬಿಗೆ ತುಂಬಿದಂತೆ ತುರುಕುತ್ತಿದ್ದ.

ರದ್ವಾ ನೋಡಿದಳು. ಸುಮ್ಮನಿರಲು ನೋಡಿದಳು. ಆಗಲಿಲ್ಲ.

“ಅಷ್ಟು ತುಂಬಬೇಡಿ. ಉಸಿರು ಕಟ್ಟುತ್ತೆ.”

“ಯಾರಿಗೆ?”

“ಬತ್ತಿಗೆ. ರಸ ಮೇಲೆ ಬರಲ್ಲ. ಮತ್ತೆ ಸುಡುತ್ತೆ.”

“ಕೊಡೋ ಆ ಹುಡುಗೀಗೆ!” ಎಂದ ಸಬ್ರಿ ಮಾಮ. “ನಿನಗಿಂತ ಅವಳಿಗೇ ಗೊತ್ತಿರೋ ಹಾಗಿದೆ. ಮಗಳೇ, ನನ್ನ ಗಂಟಲು ಉಳಿಸಮ್ಮ.”

ಬಾಸಿಮ್ ತಮಾಷೆಗೆಂಬಂತೆ ಚಿಮುಟ ಚಾಚಿದ. ಅವಳು ತೆಗೆದುಕೊಂಡಳು.

ಹಳೆಯ ಹತ್ತಿ ಕಿತ್ತಳು. ವೇಪಿನ ಗುಂಡಿ ಒತ್ತಿ ಒತ್ತಿ ಬಿಟ್ಟಳು. ಕಾಯಿಲ್ ಒಂದು ಬದಿಯಲ್ಲಿ ಮಾತ್ರ ಕೆಂಪಗಾಯಿತು. ಬಿಸಿ ಆರಿಸಿ, ಚಿಮುಟದ ತುದಿಯಿಂದ ಸುತ್ತುಗಳ ಮೇಲೆ ತಂತಿವಾದ್ಯ ಮೀಟಿದಂತೆ ಎಳೆದಳು, ಮತ್ತೆ ಒತ್ತಿದಳು. ಈ ಸಲ ಬೆಳಕು ನಟ್ಟನಡುವೆ ಹುಟ್ಟಿ ಎರಡೂ ಕಡೆಗೆ ಸಮನಾಗಿ ಹರಡಿತು. ಹತ್ತಿಯ ಪಟ್ಟಿಯ ತುದಿ ಹೊಸೆದು, ಆರಿದ ಕಾಯಿಲಿನೊಳಗೆ ತೂರಿಸಿ ಎಳೆದಳು. ಸರ್ರನೆ ಜಾರಬಾರದು, ಕಾಯಿಲನ್ನೇ ಎಳೆದುಕೊಂಡೂ ಬರಬಾರದು. ಒಂಚೂರು ತಡೆದು ತಡೆದು ಬರಬೇಕು. ಬಂತು. ತುದಿ ಕತ್ತರಿಸಿ, ಬಾಚಿ ಹಗುರ ಮಾಡಿ, ಕೆಳಗಿನ ಕುಳಿಯಲ್ಲಿ ಮಲಗಿಸಿ, ರಸ ಹನಿಸಿದಳು.

ಸಬ್ರಿ ಮಾಮ ದಮ್ ಎಳೆದ. ಕಣ್ಣು ಮುಚ್ಚಿದ. “ಮಾವು,” ಎಂದ. “ಅಲ್ಲಾಹ್ ನಿನ್ನ ಕೈ ಚೆನ್ನಾಗಿಟ್ಟಿರ್ಲಿ ತಾಯಿ.”

ಬಾಸಿಮ್ ಆ ಕೈಯನ್ನೇ ನೋಡುತ್ತಿದ್ದ. ಎಡಗೈ.

“ಹಾತಿಮ್,” ಎಂದ ಮೆಲ್ಲಗೆ.

“ಯಾರೋ ಅದು ಹಾತಿಮ್?”

“ಯಾರೂ ಇಲ್ಲ ಮಾಮ. ಯಾವತ್ತೂ ಇರಲಿಲ್ಲ,” ಎಂದಳು ರದ್ವಾ.

ಹೊರಗೆ ಅಡ್ಡ ನಿಂತ ಟ್ಯಾಕ್ಸಿಗೆ ಯಾರೋ ಹಾರ್ನ್ ಹೊಡೆದರು. ಸಬ್ರಿ ಮಾಮ ಇಬ್ಬರ ಮುಖವನ್ನೂ ನೋಡಿ, “ನನಗೇನೂ ಗೊತ್ತಿಲ್ಲಪ್ಪ,” ಎನ್ನುತ್ತಾ ಓಡಿದ.

“ಎಷ್ಟು ತಿಂಗಳಿಂದ ಹೇಳ್ತಿದೀನಿ, ಅವನ ಕೈಗೆ ಮುತ್ತಿಡಬೇಕು ಅಂತ. ನೀವು ಇಲ್ಲೇ ನಿಂತು ಕೇಳಿಸ್ಕೊಂಡ್ರಿ.”

“ಹೂಂ.”

“ಆ ನೆಗಡಿ?”

“ಅದೂ ಸುಳ್ಳು.”

ಬಾಸಿಮ್ ನಗಲಿಲ್ಲ. ಚಿಮುಟವನ್ನು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದ. ರದ್ವಾ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದಳು. ಪೋರ್ಟ್ ಸೈದ್‌ನ ಸುಳ್ಳಿಗೆ ಇನ್ನು ಕೆಲಸವಿರಲಿಲ್ಲ.

“ಹಾತಿಮನ ಹತ್ರ ಏನು ಕೇಳೋಕಿದ್ದೆ ಗೊತ್ತಾ?” ಬೆನ್ನ ಹಿಂದಿನಿಂದ ಬಂತು ದನಿ.

“ಅಂಗಡೀಲಿ ಕೆಲಸಕ್ಕೆ...”

“ಕೆಲಸಕ್ಕೆ ಕರೆಯೋಕೆ ಯಾರಾದ್ರೂ ಹೊಸ ಶರ್ಟ್ ತಗೋತಾರಾ?”

ಅವಳು ತಿರುಗಿದಳು. ಒಳಬಾಗಿಲ ಮೊಳೆಗೆ ಇಸ್ತ್ರಿಯಾದ ಬಿಳಿ ಶರ್ಟೊಂದು ಗುರುವಾರಕ್ಕಾಗಿ ಕಾದು ತೂಗುತ್ತಿತ್ತು.

“ಹುಡುಗಿ ಹತ್ರ ಬಾಯಿ ಬಿಡೋ ಮೊದಲು ಮನೆ ಗಂಡಸರನ್ನ ಕೇಳ್ಬೇಕು ಅಂತ ನಮ್ಮಪ್ಪ ಕಲಿಸಿದ್ದು. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ.” ಅವನ ದನಿಯಲ್ಲಿ ಸಿಟ್ಟಿತ್ತೋ ನಗುವಿತ್ತೋ, ಅವನಿಗೇ ತಿಳಿದಂತಿರಲಿಲ್ಲ. “ಇಲ್ಲದ ಭಾವಮೈದುನನಿಗೆ ಕಾಯ್ತಾ ಕೂತಿದ್ದೆ ನೋಡಿ!”

“ನೀವು... ಸುಳ್ಳು ಹೇಳೋರ ಹತ್ರ ಸ್ಕ್ರೂನೂ ತಗೊಳಲ್ಲ ಅಂದಿದ್ರಿ.”

“ಈಗಲೂ ತಗೊಳಲ್ಲ.” ಅವಳ ಡಬ್ಬಿಯನ್ನೂ ಪೆನ್ನನ್ನೂ ಮುಂದೆ ತಳ್ಳಿದ. “ಮಾಡಿದೋರ ಹೆಸರು ಬರೀರಿ. ಆಮೇಲೆ ತಗೋತೀನಿ.”

ಪೆನ್ನು ಅಭ್ಯಾಸದಂತೆ ಬಲಗೈಗೆ ಹೋಯಿತು. ಅವಳು ತಡೆದಳು. ಎಡಗೈಗೆ ಬದಲಾಯಿಸಿದಳು. ರದ್ವಾ. ಒಂದನೇ ತರಗತಿಯ ಮಗು ಬರೆದಂತೆ ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಬಾಸಿಮ್ ಡಬ್ಬಿಯನ್ನು ದೀಪಕ್ಕೆ ಹಿಡಿದು ನೋಡಿದ, ಕಾಯಿಲ್ ನೋಡುವಷ್ಟೇ ಹೊತ್ತು.

“ಅಣ್ಣ ಇಲ್ಲ,” ಎಂದಳು ರದ್ವಾ. “ಅಮ್ಮ ಇದ್ದಾಳೆ. ಶುಕ್ರವಾರ ನಮಾಜ್ ಮುಗಿಸ್ಕೊಂಡು ಬನ್ನಿ. ಮೀನಿನ ಅನ್ನ ಮಾಡ್ತಾಳೆ.”

ಈಗ ಅವನು ಕತ್ತೆತ್ತಿ ನಕ್ಕ. “ನಿಶ್ಚಿತಾರ್ಥದ ಉಂಗುರ ಬಲಗೈಗೆ ತಾನೇ ಹಾಕೋದು? ಎಡಗೈಗೆ ಬರೋಕೆ ಮದುವೆ ದಿನದವರೆಗೂ ಕಾಯ್ಬೇಕು.”

“ಎಡಗೈಗೆ ಬಂದ ಮೇಲೂ ಕೆಲಸದ ಹೊತ್ತಲ್ಲಿ ಬಿಚ್ಚಿಡ್ಬೇಕು. ಬ್ಯಾಟರಿಗೆ ಉಂಗುರ ತಾಗಿದ್ರೆ ಶಾರ್ಟ್ ಆಗುತ್ತೆ.” ಅವನ ಮುಂದೆ ಅವಳು ಇಷ್ಟುದ್ದದ ನಿಜವನ್ನು ಹೇಳಿದ್ದು ಇದೇ ಮೊದಲು.

“ಬಿಚ್ಚಿ ಎಲ್ಲಿಡ್ತೀರಾ?”

ಎಂದಿನಂತೆ ಅವಳ ಕಣ್ಣು ಅವನ ಶರ್ಟಿನ ಜೇಬಿನ ಮೇಲೆ ಹೋಗಿ ನಿಂತಿತು.

ಬಾಸಿಮ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಕಟ್ಟೆಯ ಮೇಲಿಟ್ಟು ಜಾಗ ಮಾಡಿದ.